ಫಿರ್ಯಾದಿ ಹಾಜರಾಗಿ ವಿಚಾರಿಸಿದ್ದಾರೆ

ಮಾರ್ಚ್ 4, ಮಂಗಳವಾರ

ಮಾತ್ರೆ ನುಂಗುವ ಮೊದಲು ಅಮ್ಮ ಲೋಟ ಹಿಡಿದುಕೊಂಡೇ ಕೇಳಿದಳು. "ನಿಮ್ಮಪ್ಪ ಆವತ್ತು ನಿಜವಾಗ್ಲೂ ಪೊಲೀಸ್ ಸ್ಟೇಷನ್ನಿಗೆ ಹೋಗಿದ್ರಾ?"

ಆವತ್ತು ಎಂದರೆ ಇಪ್ಪತ್ತೆಂಟು ವರ್ಷದ ಹಿಂದೆ, ಅಣ್ಣ ಮನೆ ಬಿಟ್ಟು ಹೋದ ಮಾರನೆಯ ದಿನ. ಅವನಿಗೆ ಹತ್ತೊಂಬತ್ತು, ನನಗೆ ಹದಿನಾರು. ರಸ್ತೆ ಕೆಲಸಕ್ಕೆ ಬರುವುದಿಲ್ಲ, ರೇಡಿಯೊ ರಿಪೇರಿ ಕಲಿಯುತ್ತೇನೆ ಎಂದಿದ್ದಕ್ಕೆ ರೋಲರಿನವರು ಬೀದಿಯಲ್ಲಿ, ಗೆಳೆಯರ ಎದುರಿಗೇ, ಅವನ ಕೆನ್ನೆಗೆ ಬಾರಿಸಿದ್ದರು. ಬೆಳಗಾಗುವಾಗ ಹಾಸಿಗೆ ನೀಟಾಗಿ ಮಡಿಸಿಟ್ಟಿತ್ತು. ಚೀಲವೂ ಇರಲಿಲ್ಲ, ಅವನೂ ಇರಲಿಲ್ಲ.

ರೋಲರಿನವರು ಎಂದರೆ ನನ್ನ ಅಪ್ಪ. ಜೀವನಪೂರ್ತಿ ರೋಡ್ ರೋಲರ್ ಓಡಿಸಿದರು. ಅಣ್ಣ ಹೋದ ಮೇಲೆ ಮನಸ್ಸಿನಲ್ಲಿ ನಾನು ಅವರನ್ನು ಬೇರೆ ಹೆಸರಿನಿಂದ ಕರೆದದ್ದಿಲ್ಲ. ಆವತ್ತು ಸಂಜೆ ಮನೆಗೆ ಬಂದು "ದೂರು ಕೊಟ್ಟಿದೀನಿ. ಇನ್ಮೇಲೆ ಈ ಮನೇಲಿ ಅವನ ಹೆಸರು ಎತ್ತಬೇಡಿ" ಎಂದರು. ಅಷ್ಟೇ. ಆಮೇಲೆ ಅವನ ಹೆಸರು ಅವರ ಬಾಯಲ್ಲಿ ಬರಲೇ ಇಲ್ಲ. ಅವರೂ ತೀರಿಕೊಂಡು ಒಂಬತ್ತು ವರ್ಷವಾಯಿತು.

"ಹೋಗಿರಬಹುದಮ್ಮ" ಎಂದೆ.

"ಇರಬಹುದು ಅನ್ನೋದು ಬೇಡ. ನೋಡ್ಕೊಂಡು ಬಾ. ಎಲ್ಲಾದ್ರೂ ಬರೆದಿರ್ತಾರಲ್ಲ."

ಡಾಕ್ಟರು ಮೂರು ತಿಂಗಳು ಎಂದಿದ್ದಾರೆ, ಹೆಚ್ಚೆಂದರೆ ನಾಲ್ಕು. ಅವಳಿಗೂ ಗೊತ್ತು. ನನಗೆ ಗೊತ್ತು ಎಂಬುದೂ ಅವಳಿಗೆ ಗೊತ್ತು.

ಮಾರ್ಚ್ 6, ಗುರುವಾರ

ಅಂಗಡಿಯ ಯಜಮಾನರಿಗೆ ಹಲ್ಲುನೋವು ಎಂದು ಹೇಳಿ ಅರ್ಧ ದಿನ ರಜೆ ತೆಗೆದುಕೊಂಡೆ. ಇಪ್ಪತ್ತು ವರ್ಷದಿಂದ ಅವರ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದೇನೆ, ಸುಳ್ಳು ಹೇಳಿದ್ದು ಇದೇ ಮೊದಲು. ನಿಜ ಹೇಳಬಹುದಿತ್ತು. ಆದರೆ ನಮ್ಮ ಮನೆಯ ಹುಣ್ಣನ್ನು ಗಿರಾಕಿಗಳ ಮುಂದೆ ಯಾಕೆ ಬಿಚ್ಚಿಡಬೇಕು?

ಸ್ಟೇಷನ್ನಿನಲ್ಲಿ ಒಬ್ಬ ರೈಟರ್ ಇದ್ದಾರೆ. ಬರೆಯುವ ಕೆಲಸವೆಲ್ಲ ಅವರದು. ತಲೆ ಎತ್ತದೆಯೇ ಕೇಳಿದರು.

"ಕೇಸ್ ನಂಬರ್?"

"ಗೊತ್ತಿಲ್ಲ ಸಾರ್."

"ತಾರೀಖು?"

"ಅದು ಗೊತ್ತು."

"ಪುಣ್ಯ ಮಾಡಿದೀನಿ. ಕೆಲವರು ಬಂದು 'ನಮ್ಮ ದೊಡ್ಡ ಸೊಸೆ ಬಸುರಿಯಾಗಿದ್ದಾಗ ನಡೆದಿದ್ದು' ಅಂತಾರೆ. ನಾನು ಆ ಸೊಸೇನ ಎಲ್ಲಿ ಹುಡುಕಲಿ?"

ನನಗೆ ನಗು ಬಂತು, ತಡೆದುಕೊಂಡೆ. ಬರೆದು ತಂದಿದ್ದ ಎರಡು ಪುಟದ ಅರ್ಜಿ ಕೊಟ್ಟೆ. ಓದಿ ಹಿಂದಕ್ಕೆ ತಳ್ಳಿದರು.

"ಇದು ಕಥೆ ಮೇಡಂ. ಕೊನೇಲಿ 'ಸಂಬಂಧಪಟ್ಟ ಎಲ್ಲಾ ಕಾಗದ ಕೊಡಿ' ಅಂದಿದೀರಿ. ಎಲ್ಲಾ ಕೊಡಿ ಅಂದ್ರೆ ಏನೂ ಸಿಗಲ್ಲ. ಯಾರು ಕಾಣೆಯಾದ್ರು, ಯಾವ ಊರಿಂದ, ಯಾವತ್ತು, ದೂರು ಕೊಟ್ಟಿರೋರು ಯಾರು, ನಿಮಗೆ ಬೇಕಾದ ಕಾಗದ ಯಾವುದು, ಇಷ್ಟೇ ಬರೀರಿ. ದೂರಿನ ನಕಲು ಒಂದು. ಅದರ ಬಗ್ಗೆ ಸ್ಟೇಷನ್ ಡೈರೀಲಿ ಏನೇನು ಬರೆದಿದಾರೋ ಅದರ ನಕಲು ಇನ್ನೊಂದು. ಕೊಟ್ಟ ಮೇಲೆ ಇನ್ನೊಂದು ಪ್ರತಿಗೆ ಮುದ್ರೆ ಹಾಕಿಸ್ಕೊಳ್ಳಿ. ಮುದ್ರೆ ಇಲ್ಲ ಅಂದ್ರೆ ನೀವು ಬಂದೇ ಇಲ್ಲ ಅಂತ ಲೆಕ್ಕ."

ಅಲ್ಲಿನ ಬೆಂಚಿನ ಮೇಲೆಯೇ ಕುಳಿತು ಮತ್ತೆ ಬರೆದೆ. ಹನ್ನೊಂದು ಸಾಲು. ಇಡೀ ಅಣ್ಣ ಹನ್ನೊಂದು ಸಾಲಿಗೆ ಬಂದ.

ಏಪ್ರಿಲ್ 3, ಗುರುವಾರ

ಉತ್ತರ ಬಂದಿದೆ. ಆ ವರ್ಷ ನಮ್ಮ ಊರು ಈ ಠಾಣೆಯ ವ್ಯಾಪ್ತಿಗೆ ಸೇರಿರಲಿಲ್ಲವಂತೆ. ಸೇತುವೆಯಾಚೆಯ ಠಾಣೆಗೆ ಸೇರಿತ್ತಂತೆ. ಇಷ್ಟು ಹೇಳಲು ಇಪ್ಪತ್ತೆಂಟು ದಿನ.

ಮತ್ತೆ ಹಲ್ಲುನೋವು. ಬಸ್ಸಿನಲ್ಲಿ ಒಂದೂವರೆ ಗಂಟೆ. ಹೋಗಿ ನೋಡಿದರೆ ಆ ಠಾಣೆ ಈಗ ದನದ ಆಸ್ಪತ್ರೆ. ಬಾಗಿಲಲ್ಲಿದ್ದ ಜವಾನನಿಗೆ ಕಾಣೆಯಾದ ದೂರು ಎಂದೆ.

"ಎಮ್ಮೆನಾ, ಹಸುನಾ?" ಎಂದ.

"ನಮ್ಮಣ್ಣ" ಎಂದೆ.

ಪಾಪ, ಅವನ ಮುಖ ಸಣ್ಣದಾಯಿತು. ಒಳಗೆ ಕರೆದು ಕೂರಿಸಿ ನೀರು ಕೊಟ್ಟ. ಹಳೆಯ ಕಡತಗಳನ್ನೆಲ್ಲ ಲಾರಿಯಲ್ಲಿ ತುಂಬಿ ಜಿಲ್ಲಾ ಕಚೇರಿಯ ದಾಖಲೆ ಕೊಠಡಿಗೆ ಒಯ್ದರು, ತಾನೇ ಹೊತ್ತು ಹಾಕಿದ್ದೆ ಎಂದ.

ಮನೆಗೆ ಬಂದಾಗ ಅಮ್ಮ ಕಿಟಕಿಯ ಹತ್ತಿರ ಕುರ್ಚಿ ಎಳೆಸಿಕೊಂಡು ಕುಳಿತಿದ್ದಳು. "ಸಿಕ್ತಾ?" ಎಂದಳು. "ಸಿಗುತ್ತೆ" ಎಂದೆ. ದನದ ಆಸ್ಪತ್ರೆಯ ವಿಷಯ ಹೇಳಲಿಲ್ಲ. ಬೇಸರ ಮಾಡಿಕೊಳ್ಳುತ್ತಾಳೆ.

ಏಪ್ರಿಲ್ 21, ಸೋಮವಾರ

ದಾಖಲೆ ಕೊಠಡಿ ನೆಲಮಾಳಿಗೆಯಲ್ಲಿದೆ. ಗುಮಾಸ್ತೆ ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಡತಗಳ ಧೂಳು ಕೊಡವುತ್ತಿದ್ದರು. ಅವರ ಕನ್ನಡಕ ಒಂದು ಕಡೆಗೆ ವಾಲಿತ್ತು, ಕಾಗದವನ್ನು ತೋಳುದ್ದ ದೂರ ಹಿಡಿದು ಓದುತ್ತಿದ್ದರು. ಸುಮ್ಮನಿರಲಾಗಲಿಲ್ಲ. ಚೀಲದಲ್ಲಿ ಸಣ್ಣ ತಿರುಪುಳಿ ಸದಾ ಇರುತ್ತದೆ. "ಒಂದು ನಿಮಿಷ ಕೊಡಿ ಅಕ್ಕ" ಎಂದು ಕನ್ನಡಕ ತೆಗೆದುಕೊಂಡು ಸ್ಕ್ರೂ ಬಿಗಿ ಮಾಡಿ ಕೊಟ್ಟೆ. ಹಾಕಿಕೊಂಡು ಆಚೀಚೆ ನೋಡಿದರು.

"ಎರಡು ವರ್ಷದಿಂದ ಪ್ರಪಂಚ ಸೊಟ್ಟಗಿದೆ ಅಂದ್ಕೊಂಡಿದ್ದೆ ಕಣ್ರೀ."

"ಪವರ್ ಕೂಡ ಬದಲಾಗಿದೆ. ಒಮ್ಮೆ ತೋರಿಸ್ಕೊಳ್ಳಿ."

ಅರ್ಜಿ ತೆಗೆದುಕೊಂಡು ಮುದ್ರೆ ಹಾಕಿದರು. ಇದೆಯೋ ಇಲ್ಲವೋ ಎಂದು ಮಾತ್ರ ಹೇಳಿ ಎಂದು ಬೇಡಿಕೊಂಡೆ. ಹಾಗೆ ಹೇಳುವಂತಿಲ್ಲವಂತೆ. ಬರಹದಲ್ಲೇ ಉತ್ತರ ಬರುತ್ತದಂತೆ.

ಅಮ್ಮನಿಗೆ ಈಗ ಮೆಟ್ಟಿಲು ಇಳಿಯಲು ಆಗುತ್ತಿಲ್ಲ.

ಮೇ 9, ಶುಕ್ರವಾರ

ಅರ್ಜಿ ತಿರಸ್ಕೃತ.

ಓದಿ ನಂಬಲಾಗದೆ ನೇರವಾಗಿ ನೆಲಮಾಳಿಗೆಗೆ ಹೋದೆ. ಕೇಳಿರುವ ಮಾಹಿತಿ ಬೇರೆ ವ್ಯಕ್ತಿಗೆ ಸಂಬಂಧಿಸಿದ್ದಂತೆ. ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಬೇಕು, ಇಲ್ಲವೇ ಮರಣ ಪ್ರಮಾಣಪತ್ರ ಬೇಕು.

"ಒಪ್ಪಿಗೆ ತರೋ ಹಾಗಿದ್ರೆ ನಾನು ನಿಮ್ಮ ಹತ್ರ ಯಾಕೆ ಬರ್ತಿದ್ದೆ ಅಕ್ಕ?"

"ನನ್ನ ಕೈಲಿ ಏನೂ ಇಲ್ಲಮ್ಮ. ಇಷ್ಟು ವರ್ಷ ಆಗಿದೆ. ಕೋರ್ಟಿಗೆ ಹೋಗಿ ಸತ್ತಿದಾನೆ ಅಂತ ಬರೆಸ್ಬಿಡಿ. ಆಮೇಲೆ ಎಲ್ಲಾ ಸಲೀಸು."

ಅವರಿಗೇ ತಾವು ಆಡಿದ ಮಾತು ಕಿವಿಗೆ ಬಿದ್ದಿರಬೇಕು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಆಮೇಲೆ ದನಿ ತಗ್ಗಿಸಿ, "ಮೂವತ್ತು ದಿನದೊಳಗೆ ಮೇಲಿನ ಸಾಹೇಬರಿಗೆ ಮೇಲ್ಮನವಿ ಹಾಕಿ. ಮುಖ ತೋರಿಸಿ ಮಾತಾಡಿ. ನಾನು ಹೇಳ್ದೆ ಅನ್ನಬೇಡಿ" ಎಂದರು.

ಅಮ್ಮ ಕೇಳಿದಳು. "ಇನ್ನೂ ಹುಡುಕ್ತಾ ಇದಾರಂತೆ, ತುಂಬಾ ಹಳೇದಲ್ವಾ" ಎಂದೆ. ಸತ್ತಿದಾನೆ ಎಂದು ಬರೆಸಬೇಕಂತೆ ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ? ಅವಳು ಇವತ್ತಿಗೂ ಅಣ್ಣನ ಬಗ್ಗೆ ಮಾತಾಡುವಾಗ "ಪುಟ್ಟನಿಗೆ ಹಾಲಿನ ಕೆನೆ ಕಂಡ್ರೆ ಆಗಲ್ಲ" ಎನ್ನುತ್ತಾಳೆ. ಆಗ್ತಿರಲಿಲ್ಲ ಎನ್ನುವುದಿಲ್ಲ.

ಮೇ 11, ಭಾನುವಾರ

ಅಮ್ಮ ಏನೂ ತಿನ್ನಲಿಲ್ಲ. ಮೇಲ್ಮನವಿ ಬರೆದೆ. ನಾಲ್ಕು ಸಲ ಹರಿದೆ.

ಮೇ 28, ಬುಧವಾರ

ಸಾಹೇಬರ ಕೋಣೆಯ ಮುಂದೆ ಬೆಳಗ್ಗೆ ಹತ್ತರಿಂದ ಮೂರರವರೆಗೆ ಕುಳಿತಿದ್ದೆ. ಜವಾನ ಎರಡು ಸಲ ಬಂದು "ನಾಳೆ ಬನ್ನಿ" ಎಂದ. "ಪರವಾಗಿಲ್ಲ, ಕೂತಿರ್ತೀನಿ" ಎಂದೆ. ಇಷ್ಟು ತಾಳ್ಮೆ ನನಗೆ ಎಲ್ಲಿಂದ ಬಂತೋ. ಅಂಗಡಿಯಲ್ಲಿ ಗಿರಾಕಿ ಎರಡು ಸಲ ಫ್ರೇಮು ಬದಲಾಯಿಸಿದರೆ ಸಾಕು, ನನಗೆ ಸಿಟ್ಟು ಬರುತ್ತದೆ.

ಸಾಹೇಬರು ಕೆಟ್ಟವರಲ್ಲ. ಅರ್ಜಿಯನ್ನು ಪೂರ್ತಿ ಓದಿದರು.

"ನಿಮ್ಮ ತಪ್ಪು ಎಲ್ಲಿದೆ ಗೊತ್ತಾ? ಕಾಣೆಯಾದವರ ತಂಗಿ ಅಂತ ಹಾಕಿದೀರಿ. ಆಗ ಇದು ಬೇರೆಯವರ ಮಾಹಿತಿ ಆಗುತ್ತೆ. ದೂರು ಕೊಟ್ಟೋರಿಗೆ ತಮ್ಮ ದೂರಿನ ನಕಲು ಕೇಳೋ ಹಕ್ಕಿದೆ. ಅವರಿಲ್ಲ ಅಂದ್ರೆ ಅವರ ಹೆಂಡತಿ ಮಕ್ಕಳಿಗಿದೆ. ದೂರು ಅಂತ ಒಂದು ಇದ್ರೆ, ದೂರು ಕೊಟ್ಟವರ ಮಗಳು ಅಂತ ಕೇಳಿ."

"ಅಷ್ಟೇನಾ ಸಾರ್?"

"ಅಷ್ಟೇ. ಇಲ್ಲೇ ಬರ್ಕೊಡಿ."

ಅವರ ಮೇಜಿನ ತುದಿಯಲ್ಲಿ ಕಾಗದ ಇಟ್ಟುಕೊಂಡೆ. ಅರ್ಜಿದಾರರಿಗೆ ಇರುವ ಸಂಬಂಧ ಎಂಬಲ್ಲಿ ತಂಗಿ ಎಂಬುದನ್ನು ಹೊಡೆದು ಹಾಕಿ ದೂರು ಕೊಟ್ಟವರ ಮಗಳು ಎಂದು ಬರೆದೆ. ರೋಲರಿನವರ ಸಾವಿನ ಕಾಗದಗಳಿಗೆ ಸಹಿ ಮಾಡಿದ ಮೇಲೆ ಆ ಮಾತನ್ನು ನಾನು ಎಲ್ಲೂ ಬರೆದಿರಲಿಲ್ಲ.

ಜೂನ್ 12, ಗುರುವಾರ

ಕೊಟ್ಟರು. ರೋಲರಿನವರು ದೂರು ಕೊಟ್ಟಿದ್ದಾರೆ. ಅಣ್ಣ ಹೋದ ಮಾರನೆಯ ದಿನವೇ, ಬೆಳಗ್ಗೆ ಒಂಬತ್ತೂಕಾಲಿಗೆ.

ಗುಮಾಸ್ತೆ ಅಕ್ಕ ಲಕೋಟೆ ಕೊಡುವಾಗ "ಮನೇಲಿ ಓದಿ" ಎಂದರು. ಕೇಳಲಿಲ್ಲ. ನೆಲಮಾಳಿಗೆಯ ಮೆಟ್ಟಿಲ ಮೇಲೆಯೇ ಕುಳಿತು ಓದಿದೆ.

ದೂರು ಮೂರು ಪುಟ. ಕೆಲವು ಹೆಸರುಗಳ ಮೇಲೆ ಕಪ್ಪು ಮಸಿ ಬಳಿದಿದ್ದಾರೆ. ಚಹರೆಯ ಗುರುತು ಎಂಬಲ್ಲಿ ಒಂದೂವರೆ ಪುಟ ತುಂಬಿದೆ. ಬಲ ಮಂಡಿಯ ಕೆಳಗೆ ಗಾಯದ ಕಲೆ, ಆರನೆಯ ವಯಸ್ಸಿನಲ್ಲಿ ಬಿದ್ದದ್ದು. ಎಡಗೈಯಲ್ಲಿ ಬರೆಯುತ್ತಾನೆ. ಮಲಗುವಾಗ ಮುಖದ ಮೇಲೆ ತೋಳು ಇಟ್ಟುಕೊಳ್ಳುತ್ತಾನೆ. ಊಟ ಮಾಡುವಾಗ ತನಗೇ ತಿಳಿಯದೆ ಗುನುಗುತ್ತಾನೆ. ಜ್ವರ ಬಂದರೆ ಯಾರಿಗೂ ಹೇಳುವುದಿಲ್ಲ. ಇದನ್ನೆಲ್ಲ ಅವರು ಯಾವಾಗ ನೋಡಿದರು? ಅಣ್ಣ ಎಷ್ಟನೆಯ ತರಗತಿ ಎಂಬುದೂ ಅವರಿಗೆ ಗೊತ್ತಿಲ್ಲ ಎಂದು ನಾನು ತಿಳಿದಿದ್ದೆ.

ಮನೆ ಬಿಡಲು ಕಾರಣ ಎಂಬಲ್ಲಿ, ಬರೆದುಕೊಂಡವರ ಅಕ್ಷರದಲ್ಲಿ, ಹೀಗಿದೆ: "ಬೀದಿಯಲ್ಲಿ ನಾಲ್ಕು ಜನರ ಮುಂದೆ ನಾನು ಹೊಡೆದಿದ್ದರಿಂದ. ತಪ್ಪು ನನ್ನದು. ಸಿಕ್ಕಿದಲ್ಲಿ ಬಲವಂತವಾಗಿ ಕರೆತರುವುದು ಬೇಡ, ಊಟ ಮಾಡಿಕೊಂಡು ಇದ್ದಾನೆಯೇ ಎಂದಷ್ಟೇ ತಿಳಿಸಿದರೆ ಸಾಕು ಎಂದು ಫಿರ್ಯಾದಿ ಕೋರಿರುತ್ತಾರೆ."

ಕೆಳಗೆ ಅಪ್ಪನ ಸಹಿ. ಅಕ್ಷರಗಳು ಒಂದರ ಮೇಲೊಂದು ಹತ್ತಿವೆ.

ಆಮೇಲೆ ಸ್ಟೇಷನ್ ಡೈರಿಯ ನಕಲುಗಳು. ಒಂದೆರಡು ಇರಬಹುದು ಎಂದುಕೊಂಡಿದ್ದೆ. ನೂರ ಹನ್ನೆರಡು ಇವೆ. ಗೆದ್ದಲು ತಿಂದ ವರ್ಷಗಳನ್ನು ಬಿಟ್ಟು ಇಷ್ಟು ಎಂದು ಅಕ್ಕ ಹೇಳಿದರು. ಪ್ರತಿ ತಿಂಗಳ ಪುಸ್ತಕವನ್ನೂ ತೆಗೆದು ನೋಡಿದ್ದಾರೆ ಪುಣ್ಯಾತ್ಗಿತ್ತಿ. ಹೆಚ್ಚಿನವು ಒಂದೇ ಸಾಲು: ಫಿರ್ಯಾದಿ ಹಾಜರಾಗಿ ವಿಚಾರಿಸಿದ್ದಾರೆ. ಮಾಹಿತಿ ಇಲ್ಲವೆಂದು ತಿಳಿಸಲಾಯಿತು. ಮುಂದಿನ ತಿಂಗಳು ಅದೇ. ಅದರ ಮುಂದಿನ ತಿಂಗಳೂ ಅದೇ. ಒಂದು ಕಡೆ, ಫಿರ್ಯಾದಿ ಹಾಜರಾಗಿ, ಏನನ್ನೂ ಕೇಳದೆ ಸ್ವಲ್ಪ ಹೊತ್ತು ಕುಳಿತು ತೆರಳಿದ್ದಾರೆ.

ಮೂರು ಕಡೆ ಮಾತ್ರ ಬೇರೆ ಇದೆ. ಸಿಕ್ಕ ಅಪರಿಚಿತ ಶವವನ್ನು ತೋರಿಸಲಾಯಿತು, ತನ್ನ ಮಗನಲ್ಲವೆಂದು ಹೇಳಿದ್ದಾರೆ. ಅದರಲ್ಲೊಂದು ತಾರೀಖು ನನಗೆ ಚೆನ್ನಾಗಿ ನೆನಪಿದೆ. ನಾನು ಕನ್ನಡಕದ ಅಂಗಡಿಗೆ ಸೇರಿದ ದಿನ. ಸಂಜೆ ಖುಷಿಯಿಂದ ಮನೆಗೆ ಬಂದರೆ ಅಪ್ಪ ಹಿತ್ತಲಲ್ಲಿ ಮೈಮೇಲೆ ನೀರು ಸುರಿದುಕೊಳ್ಳುತ್ತಲೇ ಇದ್ದರು. ಒಂದು ಮಾತೂ ಆಡಲಿಲ್ಲ. ನಾನು ಕೆಲಸಕ್ಕೆ ಹೋದದ್ದು ಇಷ್ಟವಾಗಿಲ್ಲ, ಅದಕ್ಕೇ ಮುಖ ಊದಿಸಿಕೊಂಡಿದ್ದಾರೆ ಎಂದುಕೊಂಡೆ. ಇಪ್ಪತ್ತು ವರ್ಷ ಹಾಗೇ ಅಂದುಕೊಂಡಿದ್ದೆ.

ಕೊನೆಯದು ಅವರು ಆಸ್ಪತ್ರೆ ಸೇರುವ ಹಿಂದಿನ ತಿಂಗಳಿನದು.

ಅಕ್ಕ ಬಂದು ಪಕ್ಕದಲ್ಲಿ ಕುಳಿತರು.

ಜೂನ್ 13, ಶುಕ್ರವಾರ

ಅಮ್ಮನಿಗೆ ಓದಿ ಹೇಳಿದೆ. ಬೆಳಗಿನ ಹೊತ್ತು ಅವಳಿಗೆ ನೋವು ಕಡಿಮೆ. ದಿಂಬಿಗೆ ಒರಗಿಸಿ, ದೂರನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಗುನುಗುತ್ತಾನೆ ಎಂಬಲ್ಲಿ ಅವಳ ತುಟಿ ಅಲುಗಿತು. ಡೈರಿಯ ತಾರೀಖುಗಳನ್ನು ಒಂದೊಂದಾಗಿ ಓದಿದೆ. ನಲವತ್ತರ ಹತ್ತಿರ ಬಂದಾಗ ಸಾಕು ಎಂದು ಕೈ ಎತ್ತಿದಳು.

ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಸಿಟ್ಟು ಬಂತು. ನನ್ನ ಅಮ್ಮನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡೇ ಇರಲಿಲ್ಲ.

"ರೋಲರಿಗೆ ಗ್ರೀಸು ತರಬೇಕು ಅಂತ ಹೋಗ್ತಿದ್ರು ಕಣೇ. ಅಷ್ಟು ಗ್ರೀಸು ಯಾಕೆ ಬೇಕು, ತಿಂತೀರಾ ಅಂತ ನಾನು ತಮಾಷೆ ಮಾಡ್ತಿದ್ದೆ. ಅವರೂ ನಗ್ತಿದ್ರು. ನನಗ್ಯಾಕೆ ಹೇಳಲಿಲ್ಲ?"

"ನಿನಗೆ ನೋವಾಗಬಾರದು ಅಂತ ಇರಬೇಕಮ್ಮ."

"ನೋವಾಗಬಾರದು ಅಂತ! ನಾನೇನು ನೋವಿಲ್ಲದೆ ಕೂತಿದ್ನಾ? ಹೇಳಿದ್ರೆ ನಾನೂ ಹೋಗ್ತಿದ್ದೆ. ಇಬ್ಬರೂ ಬಸ್ಸಲ್ಲಿ ಕೂತು ಹೋಗಿ ಬರ್ತಿದ್ವಿ. ಹತ್ತೊಂಬತ್ತು ವರ್ಷ ಒಂದೇ ಮನೇಲಿದ್ದು ಬೇರೆ ಬೇರೆ ಮೂಲೇಲಿ ಅತ್ವಿ."

ಕೆಮ್ಮು ಬಂತು. ಬೆನ್ನು ಸವರಿದೆ. ಉಸಿರು ಸರಿಹೋದ ಮೇಲೆ ನನ್ನನ್ನೇ ನೋಡುತ್ತಾ ಕೇಳಿದಳು. "ನೀನೇನು ಮುಚ್ಚಿಟ್ಟಿದೀಯ?"

ಹೇಳಿಬಿಟ್ಟೆ. ದನದ ಆಸ್ಪತ್ರೆ, ಹಲ್ಲುನೋವು, ತಿರಸ್ಕಾರ, ಸತ್ತಿದ್ದಾನೆ ಎಂದು ಬರೆಸಿ ಅಂದದ್ದು, ಎಲ್ಲವನ್ನೂ. ಎಮ್ಮೆನಾ ಹಸುನಾ ಎಂಬಲ್ಲಿ ಅಮ್ಮ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ನಾನೂ ಅತ್ತೆ. ಒಂದೇ ಮೂಲೆಯಲ್ಲಿ.

ಜೂನ್ 15, ಭಾನುವಾರ

ಅಮ್ಮ ಆ ಕಾಗದಗಳನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಇವತ್ತು ಉಳಿದ ತಾರೀಖುಗಳನ್ನು ಓದಿಸಿಕೊಂಡಳು. ಪ್ರತಿ ತಾರೀಖಿಗೂ ಏನಾದರೊಂದು ನೆನಪು ಮಾಡಿಕೊಳ್ಳುತ್ತಾಳೆ. "ಆವತ್ತು ಬಹಳ ಬಿಸಿಲಿತ್ತು." "ಆವತ್ತು ನಿಮ್ಮಪ್ಪ ಚಪ್ಪಲಿ ಕಿತ್ತು ಹೋಗಿ ಬರಿಗಾಲಲ್ಲಿ ಬಂದಿದ್ರು." ನಿಜವೋ, ಕಟ್ಟಿ ಹೇಳುತ್ತಾಳೋ ಗೊತ್ತಿಲ್ಲ. ಅವಳೂ ಅವರ ಜೊತೆ ಹೋಗಿ ಬರುತ್ತಿದ್ದಾಳೆ.

ಜೂನ್ 30, ಸೋಮವಾರ

ಮಾತು ನಿಂತಿದೆ. ಕೈ ಒತ್ತಿದರೆ ಒತ್ತುತ್ತಾಳೆ.

ಜುಲೈ 7, ಸೋಮವಾರ

ಬೆಳಗ್ಗೆ ಏಳೂವರೆಗೆ ಅಮ್ಮ ಹೋದಳು.

ಜುಲೈ 25, ಶುಕ್ರವಾರ

ಮನೆ ದೊಡ್ಡದಾಗಿಬಿಟ್ಟಿದೆ. ಎರಡು ಲೋಟ ತೆಗೆಯುತ್ತೇನೆ, ಒಂದನ್ನು ಮತ್ತೆ ಇಡುತ್ತೇನೆ.

ಚಿಕ್ಕಪ್ಪ ಫೋನ್ ಮಾಡಿದ್ದರು. "ಇನ್ನಾದ್ರೂ ಕೋರ್ಟಲ್ಲಿ ಬರೆಸಿ ಮುಗಿಸಿಬಿಡಮ್ಮ. ಅಕ್ಕಪಕ್ಕದವರಿಗೆ ಹೇಳೋಕೂ ಒಂದು ಮಾತು ಇರುತ್ತೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಯೋಚಿಸ್ತೀನಿ ಎಂದೆ.

ಇವತ್ತು ಅಂಗಡಿಯ ಯಜಮಾನರಿಗೆ ಎಲ್ಲ ಹೇಳಿ, ನಮ್ಮ ಸ್ಟೇಷನ್ನಿಗೆ ಹೋಗಿದ್ದೆ. ರೈಟರ್ ಗುರುತು ಹಿಡಿದು ಎದ್ದು ಕುರ್ಚಿ ಎಳೆದು ಕೊಟ್ಟರು. ಅಮ್ಮನ ಸುದ್ದಿ ಹೇಳಿದೆ. ಪೆನ್ನು ಕೆಳಗಿಟ್ಟು ಕೇಳಿದರು.

"ಈಗೇನು ಬೇಕಾಗಿತ್ತು ಮೇಡಂ? ಇನ್ನೊಂದು ನಕಲಾ?"

"ಇಲ್ಲ ಸಾರ್. ಆ ದೂರಿನಲ್ಲಿ ತಿಳಿಸಬೇಕಾದವರು ಅಂತ ಅಪ್ಪನ ಹೆಸರು ಇದೆ. ಅದನ್ನ ಬದಲಾಯಿಸಿ ನನ್ನದು ಹಾಕಬೇಕು. ಅಣ್ಣ ಸಿಕ್ಕಿದ್ರೆ ತಿಳಿಸೋಕೆ ಒಬ್ಬರು ಬೇಕಲ್ಲ."

ಅವರು ನನ್ನನ್ನು ನೋಡಿದರು. ಹೊಸ ಕಾಗದ ತೆಗೆದರು. ಹಳೆಯ ದೂರಿನ ಸಂಖ್ಯೆ ಬರೆದುಕೊಂಡರು. ಹೆಸರು, ವಯಸ್ಸು.

"ಈಗ ನಲವತ್ತೇಳಲ್ವಾ? ಚಹರೆ ಹೊಸದಾಗಿ ಬರೀಬೇಕು. ಹತ್ತೊಂಬತ್ತರ ಹುಡುಗನ ಗುರುತು ಇಟ್ಕೊಂಡು ಹುಡುಕಿದ್ರೆ ಯಾರು ಸಿಗ್ತಾರೆ? ಹೇಗಿರಬಹುದು ಹೇಳಿ."

ನನ್ನ ಕಣ್ಣಲ್ಲಿ ಅವನಿಗೆ ಇವತ್ತಿಗೂ ಮೀಸೆ ಸರಿಯಾಗಿ ಬಂದಿಲ್ಲ. ಕಣ್ಣು ಮುಚ್ಚಿ ಅಪ್ಪನ ಮುಖವನ್ನು ನೆನಪು ಮಾಡಿಕೊಂಡೆ. ಅವರು ನಲವತ್ತೇಳರಲ್ಲಿ ಹೇಗಿದ್ದರೋ ಅದನ್ನೇ ಒಂದೊಂದಾಗಿ ಹೇಳಿದೆ. ಹಣೆಯ ಮೇಲೆ ಕೂದಲು ಹಿಂದೆ ಸರಿದಿರುತ್ತದೆ. ಕಿವಿಯ ಹತ್ತಿರ ನರೆತಿರುತ್ತದೆ. ಭುಜ ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ. ಅಪ್ಪನ ಹಾಗೆಯೇ ಕಡಿಮೆ ಮಾತು.

"ಮತ್ತೆ?"

"ಸಣ್ಣ ಕೆಲಸ ಮಾಡೋ ಕಣ್ಣು ಸಾರ್ ಅವನದು, ರೇಡಿಯೊ ಒಳಗಿನ ತಂತಿ ಎಲ್ಲಾ ನೋಡೋದು. ನಲವತ್ತೇಳು ಅಂದ್ರೆ ಹತ್ತಿರದ್ದು ಕಾಣೋಕೆ ಒಂದೂವರೆ ಪವರ್ ಆದ್ರೂ ಬಂದಿರುತ್ತೆ. ಕನ್ನಡಕ ಹಾಕ್ಕೊಂಡಿರ್ತಾನೆ. ಬರ್ಕೊಳ್ಳಿ."

ರೈಟರ್ ನಿಧಾನವಾಗಿ, ದುಂಡಗೆ ಬರೆದರು: ಕನ್ನಡಕ ಧರಿಸಿರುವ ಸಾಧ್ಯತೆ ಇರುತ್ತದೆ.

ಓದಿ ನೋಡಿ ಸಹಿ ಮಾಡಿದೆ. ಇನ್ನೊಂದು ಪ್ರತಿಗೆ ಮುದ್ರೆ ಹಾಕಿ ಕೊಟ್ಟರು.

"ಏನಾದ್ರೂ ಗೊತ್ತಾದ್ರೆ ನಾವೇ ಫೋನ್ ಮಾಡ್ತೀವಿ ಮೇಡಂ. ನೀವು ಸುಮ್ಮನೆ ಓಡಾಡಬೇಡಿ."

"ಪರವಾಗಿಲ್ಲ ಸಾರ್" ಎಂದೆ. "ಮುಂದಿನ ತಿಂಗಳು ನಾನೇ ಬಂದು ಕೇಳ್ತೀನಿ."